ಕೊನೆಯ ಎರಡು ಸಾಲು

ಹೋದ ತಿಂಗಳು ಅಡುಗೆಮನೆಯ ಬಾಗಿಲಿಗೆ ಹೊಸ ಚೌಕಟ್ಟು ಮಾಡಿಸಲೆಂದು ಖಾಸಬಾಗದ ಒಂದು ಕಟ್ಟಿಗೆ ಅಡ್ಡೆಗೆ ಹೋಗಿದ್ದೆ. ಹಳೆಯದಕ್ಕೆ ಗೆದ್ದಲು ಹಿಡಿದಿತ್ತು. ಒಳಗೆ ಯಂತ್ರದ ಗರಗಸ ಹಲಸಿನ ದಿಮ್ಮಿಯೊಂದನ್ನು ಸೀಳುತ್ತಿತ್ತು. ಅರಿಶಿನ ಬಣ್ಣದ ಹೊಟ್ಟು ಹಾರಿ ಬಂದು ನನ್ನ ಸೀರೆಯ ಮೇಲೆ ಬಿತ್ತು. ಅದರ ಜೊತೆಗೇ ಆ ವಾಸನೆ: ಹಸಿ, ಸಿಹಿ, ಗಂಟಲಿಗೆ ಅಂಟಿಕೊಳ್ಳುವಂಥದ್ದು. "ಹಲಸ ಛಲೋ ಬಾಳಕಿ ಬರ್ತೈತ್ರಿ ಅಕ್ಕಾರ, ಹುಳ ಹತ್ತೂದಿಲ್ಲ" ಎಂದು ಅಡ್ಡೆಯವನು ಹೇಳುತ್ತಲೇ ಇದ್ದ. ನಾಳೆ ಬರುತ್ತೇನೆಂದು ಹೇಳಿ ರಸ್ತೆಗೆ ಬಂದುಬಿಟ್ಟೆ. ಹಿಂದವಾಡಿಯ ಮನೆ ಮುಟ್ಟುವವರೆಗೂ ಸೀರೆ ಕೊಡವುತ್ತಲೇ ಇದ್ದೆ.

ಆ ವಾಸನೆ ನನ್ನ ಪಾಲಿಗೆ ಒಂದೇ ಊರಿನದು, ಒಂದೇ ವರ್ಷದ್ದು. ಊರು ಖಾನಾಪುರದಿಂದ ಮುಂದೆ, ಕಾಡು ಶುರುವಾಗುವ ಕಡೆ ಇದೆ. ಹೆಸರು ಬರೆಯುವುದಿಲ್ಲ. ಅಲ್ಲಿಯ ಏಳು ಜನ ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾರೆ. ಅವರಲ್ಲಿ ಒಬ್ಬಳು ಅಲೆಯುತ್ತಿರುವುದು ನನ್ನಿಂದ.

ಆಗ ನಾನು ಬೆಳಗಾವಿಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಹಳೆಯ ವಿದ್ಯಾರ್ಥಿ ಪರಶುರಾಮ ಖಾನಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ. ಮದುವೆಗಳ ವಿಡಿಯೋ ತೆಗೆಯುವುದು ಅವನ ಹೊಟ್ಟೆಪಾಡು. ಮದುವೆಯಿಲ್ಲದ ದಿನಗಳಲ್ಲಿ ಅದೇ ಪ್ರೊಜೆಕ್ಟರು, ಅದೇ ಬಿಳಿ ಪರದೆ ಹೊತ್ತುಕೊಂಡು ಇಬ್ಬರು ಗೆಳೆಯರ ಜೊತೆ ಹಳ್ಳಿಗಳಿಗೆ ಹೋಗಿ ಕಾಡು, ಮಳೆ, ನದಿಗಳ ಮೇಲಿನ ಸಾಕ್ಷ್ಯಚಿತ್ರ ತೋರಿಸುತ್ತಿದ್ದ. ಒಂದು ದಿನ ಮನೆಗೇ ಬಂದ.

"ಮೇಡಂ, ಚಿತ್ರ ಎಲ್ಲಾ ಇಂಗ್ಲಿಷಿನ್ಯಾಗ ಇರ್ತಾವ್ರಿ. ಮಂದಿ ಹತ್ತ ನಿಮಿಷ ನೋಡಿ ಎದ್ದ ಹೋಗ್ತಾರ. ನೀವು ಬಾಜುಕ ನಿಂತು ಮೈಕಿನ್ಯಾಗ ನಮ್ಮ ಭಾಷಾದಾಗ ಹೇಳಿದ್ರ ಕುಂದರ್ತಾರ."

"ನಿನಗ ಬರೂದಿಲ್ಲೇನು ಇಂಗ್ಲಿಷು? ನಾನಽ ಕಲಿಸೀನಿ" ಎಂದೆ.

"ಕಲಿಸೀರಿ. ನಾ ಕಲ್ತಿಲ್ಲ" ಎಂದು ನಕ್ಕ.

ಒಪ್ಪಿಕೊಂಡೆ. ಖಾನಾಪುರದ ಕಡೆ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಎರಡೂ ನನಗೆ ಬರುತ್ತಿದ್ದವು. ಆ ಚಳಿಗಾಲದಲ್ಲಿ ಮೂರು ನಾಲ್ಕು ಊರಿಗೆ ಹೋಗಿ ಬಂದೆವು. ಜನ ಕೂತರು, ನೋಡಿದರು, ಚುರುಮುರಿ ತಿಂದು ಮನೆಗೆ ಹೋದರು. ಅಷ್ಟೇ.

ನಾನು ಹೇಳುತ್ತಿರುವ ಊರಿನ ಮಾತು ಬೇರೆ. ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ ಮಂಜೂರಾಗಿತ್ತು. ಊರಿಗೆ ಬರುವ ದಾರಿಯ ಎರಡೂ ಬದಿಗೆ ಮಾವು, ನೇರಳೆ, ಮತ್ತಿ. ಒಂದು ತಿರುವಿನಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಹಲಸಿನ ಮರ. ಅದರ ಬೇರಿನ ಕೆಳಗೆ ಒಂದು ಝರಿ. ಊರಿನ ಎಮ್ಮೆಗಳೆಲ್ಲ ಅಲ್ಲಿಯೇ ನೀರು ಕುಡಿಯುತ್ತಿದ್ದವು. ಉಳಿದ ಹಳ್ಳಗಳು ಮೊದಲು ಯುಗಾದಿಯವರೆಗೆ ಹರಿಯುತ್ತಿದ್ದವಂತೆ, ಈಗ ಸಂಕ್ರಾಂತಿಗೇ ಒಣಗುತ್ತಿದ್ದವು. ಇದೊಂದು ಮಾತ್ರ ಬೇಸಿಗೆಯಲ್ಲೂ ನಿಲ್ಲುತ್ತಿರಲಿಲ್ಲ. ರಸ್ತೆಯ ನಕ್ಷೆ ನೇರವಾಗಿ ಅದರ ಮೇಲೆ ಹಾದುಹೋಗಿತ್ತು.

ಊರಲ್ಲಿ ಎಲ್ಲರಿಗೂ ಒಂದೇ ಅಭಿಪ್ರಾಯವಿರಲಿಲ್ಲ. ಬಸುರಿಯರನ್ನು ಜೋಳಿಗೆಯಲ್ಲಿ ಹೊತ್ತು ಆಸ್ಪತ್ರೆಗೆ ಒಯ್ದ ನೆನಪು ಇನ್ನೂ ಹಸಿಯಾಗಿತ್ತು, ರಸ್ತೆ ಬೇಕೇ ಬೇಕು ಎನ್ನುವವರಿದ್ದರು. ಬಾಳವ್ವನೂ ಬೇಡ ಎಂದವಳಲ್ಲ. ಅವಳದು ದನ ಕಾಯುವವರ ಮನೆತನ. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಏಳು ಎಮ್ಮೆ ಕಟ್ಟಿ, ಡೇರಿಗೆ ಹಾಲು ಹಾಕಿ, ಮಗಳು ರೇಣುಕಾಳನ್ನು ಬೆಳಗಾವಿಯಲ್ಲಿ ನರ್ಸಿಂಗ್ ಓದಿಸಿದ್ದಳು. ಚಿತ್ರ ತೋರಿಸಲು ಹೋದ ಮಧ್ಯಾಹ್ನ ನಾವು ಊರ ಶಾಲೆಯ ಕೋಣೆಯ ಕಿಟಕಿಗಳಿಗೆ ತಾಡಪತ್ರಿ ಕಟ್ಟಿ ಕತ್ತಲೆ ಮಾಡುತ್ತಿದ್ದಾಗ ಬಾಗಿಲಿಗೆ ಬಂದು ನಿಂತವಳು ಅವಳೇ.

"ಬಾಯಾರ, ರಸ್ತಿ ಬ್ಯಾಡ ಅನ್ನಾಂಗಿಲ್ರಿ ನಾವು. ನಾಕ ಮಾರು ಸರದು ಮಾಡ್ರಿ ಅಂತೀವಿ. ಝರಿ ಬಿಟ್ಟು. ಅಷ್ಟ ಕೇಳಾಕ ಯಾರ ಕಡೆ ಹೋಗೂದು?"

ನನಗೆ ಗೊತ್ತಿರಲಿಲ್ಲ. "ಚಿತ್ರ ನೋಡ್ರಿ, ಆಮ್ಯಾಲ ಮಾತಾಡೂಣು" ಎಂದೆ.

ಚಿತ್ರ ಬಹಳ ದೂರದ ದೇಶದ ಒಂದು ಗುಡ್ಡಗಾಡಿನದು. ಅಲ್ಲಿ ಹಿಮ ಬೀಳುವುದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ಒರತೆಗಳು ಬತ್ತಿ, ಉಳಿದ ಒಂದೇ ಒರತೆಯ ಮೇಲಿನ ಗುಡ್ಡವನ್ನು ಗಣಿಗೆ ಕೇಳುತ್ತಾರೆ. ಕುರಿ ಕಾಯುವ ಒಬ್ಬ ಮುದುಕಿ ಊರ ಹೆಂಗಸರನ್ನು ಕಟ್ಟಿಕೊಂಡು ಹೋಗಿ ದಾರಿಯ ಮೇಲೆ ಕೂರುತ್ತಾಳೆ. ಒಂದು ಇಡೀ ವರ್ಷ ಕೂರುತ್ತಾರೆ. ಅಲ್ಲಿಯೇ ರೊಟ್ಟಿ ಸುಡುತ್ತಾರೆ, ಅಲ್ಲಿಯೇ ಉಣ್ಣೆ ನೂಲುತ್ತಾರೆ. ನಾನು ಹಿಂದಿನ ವಾರವೇ ಮನೆಯಲ್ಲಿ ಅದನ್ನು ನೋಡಿ ಎಲ್ಲ ಮಾತನ್ನೂ ನೋಟುಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸಿಕೊಂಡಿದ್ದೆ.

ಕೋಣೆ ತುಂಬಿತ್ತು. ಹೆಂಗಸರು ಮುಂದೆ, ಗಂಡಸರು ಗೋಡೆಗೆ ಒರಗಿ. ತಾಡಪತ್ರಿಯ ಕೆಳಗೆ ಮೂಗು ಮುಚ್ಚುವಂಥ ಸೆಖೆ. ಮಾರ್ಚ್ ತಿಂಗಳಲ್ಲಿ ಖಾನಾಪುರದ ಕಡೆ ಹಿಂಗ ಎಂದೂ ಬೆವತಿದ್ದಿಲ್ಲ ಎಂದು ಯಾರೋ ಹಿಂದಿನಿಂದ ಗೊಣಗಿದರು. ಮೊದಲು ಹಲ್ಲು ಬಿಟ್ಟು ನೋಡುತ್ತಿದ್ದ ಹೆಂಗಸರು ಆ ಮುದುಕಿ ಹಾಲು ಹಿಂಡುವುದನ್ನು ಕಂಡಾಗ ಸುಮ್ಮನಾದರು. ಮಳೆಗೆ ಈಗ ಹೊತ್ತುಗೊತ್ತಿಲ್ಲ ಎಂದು ಅವಳಾಡಿದ ಮಾತನ್ನು ನಾನು ಹೇಳಿದಾಗ ಬಾಳವ್ವ ಜೋರಾಗಿಯೇ ಅಂದಳು: "ನಮ್ಮಲ್ಲೂ ಹಂಗಽ. ಮಳಿ ಈಗ ಬರೂದಿಲ್ಲ, ಬೀಳ್ತದ."

ಕೊನೆಯಲ್ಲಿ ಮುದುಕಿಯ ಮುಖ ಬಹಳ ಹೊತ್ತು ಪರದೆಯ ಮೇಲೆ ನಿಲ್ಲುತ್ತದೆ. ಮಾತಿಲ್ಲ. ಆಮೇಲೆ ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು.

ಆ ಮುಖ ನಿಂತಿದ್ದಾಗಲೇ ಬಾಳವ್ವ ಎದ್ದು ನಿಂತಳು. ಅವಳ ತಲೆಯ ನೆರಳು ಪರದೆಯ ಮೂಲೆಗೆ ಬಿತ್ತು. "ಅವ್ವಾ, ಕುಂದರ್ರಿ" ಎಂದ ಪರಶು. ಅವಳಿಗೆ ಅದು ಕೇಳಿಸಲಿಲ್ಲ.

"ಮುಂದ ಏನಾತ್ರಿ ಬಾಯಾರ? ನಿಂತಿತೋ ಇಲ್ಲೋ?"

ಕೋಣೆಯಲ್ಲಿದ್ದವರೆಲ್ಲ ಪರದೆ ಬಿಟ್ಟು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಕಪ್ಪಾದ ಪರದೆಯ ಮೇಲೆ ಆ ಎರಡು ಸಾಲು ಬೆಳ್ಳಗೆ ಹೊಳೆಯುತ್ತಿದ್ದವು. ಗಣಿಗೆ ಮರುವರ್ಷ ಅನುಮತಿ ಸಿಕ್ಕಿತು. ಆ ಊರು ಈಗ ಇಲ್ಲ. ನೋಟುಬುಕ್ಕಿನಲ್ಲಿಯೂ ನಾನು ಅದನ್ನೇ ಬರೆದುಕೊಂಡಿದ್ದೆ, ನನ್ನದೇ ಅಕ್ಷರದಲ್ಲಿ.

"ನಿಂತಿತು" ಎಂದೆ. "ಗಣಿ ನಿಂತಿತು. ಊರು ಇನ್ನೂ ಅಲ್ಲೇ ಐತಿ."

ಆಮೇಲೆ ಮರಾಠಿಯಲ್ಲೂ ಅದನ್ನೇ ಹೇಳಿದೆ.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ ಎಂದು ಹೇಳಬಹುದು. ಅದು ಅರ್ಧ ಸತ್ಯ. ಆ ಕೋಣೆಯಲ್ಲಿ ಮೊದಲ ಬಾರಿಗೆ ನನ್ನ ಮಾತಿನಿಂದ ಏನೋ ಆಗುತ್ತಿದೆ ಎಂದು ನನಗೆ ಅನ್ನಿಸಿತ್ತು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ.

ಚಪ್ಪಾಳೆ ಬಿತ್ತು. ಪರಶು ಪ್ರೊಜೆಕ್ಟರಿನ ವೈರು ಸುತ್ತುತ್ತ ತಲೆ ತಗ್ಗಿಸಿಯೇ ಇದ್ದ. ಅವನಿಗೆ ಚಿತ್ರದ ಕೊನೆ ಗೊತ್ತಿತ್ತು. ವಾಪಸು ಬರುವಾಗ ಗಾಡಿಯಲ್ಲಿ ಒಂದೇ ಮಾತು ಕೇಳಿದ: "ಮೇಡಂ, ಹಂಗ ಹೇಳೂದು ಛಲೋ ಆತೇನ್ರಿ?" ನಾನು, "ಮಂದಿ ಎದ್ದ ನಿಂತಾರಲ್ಲ" ಎಂದೆ. ಅವನು ಮತ್ತೆ ಆ ಮಾತು ತೆಗೆಯಲಿಲ್ಲ.

ಜನ ನಿಜವಾಗಿಯೂ ಎದ್ದು ನಿಂತರು. ಮರುವಾರ ಅರ್ಜಿ ಬರೆಸಿಕೊಂಡು ಮೂವತ್ತು ಜನ ಬೆಳಗಾವಿಗೆ ಬಂದರು. ದೊಡ್ಡ ಕಚೇರಿಯ ಮುಂದೆ ಬಿಸಿಲಲ್ಲಿ ಮಧ್ಯಾಹ್ನದವರೆಗೆ ನಿಂತು, ಸಹಿ ಹಾಕಿಸಿಕೊಂಡ ಪ್ರತಿಯನ್ನು ಮಡಿಚಿಟ್ಟುಕೊಂಡು ಹೋದರು. "ನೋಡ್ತೀವಿ" ಎಂದಿದ್ದರು ಒಳಗಿನವರು. ಏಪ್ರಿಲ್‌ನಲ್ಲಿ ಮರಗಳಿಗೆ ಬಣ್ಣದಲ್ಲಿ ನಂಬರು ಬಿತ್ತು. ಅವತ್ತೇ ಬಾಳವ್ವ ಹಲಸಿನ ಕೆಳಗೆ ಕಂಬಳಿ ಹಾಸಿದಳು. ಪಾಳಿ ಮಾಡಿಕೊಂಡು ಹೆಂಗಸರು ಕೂತರು. ಅಲ್ಲಿಯೇ ಒಲೆ ಹೂಡಿದರು. ನಾನು ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಹೋಗುತ್ತಿದ್ದೆ, ಚಹಾಪುಡಿ ಸಕ್ಕರೆ ಒಯ್ಯುತ್ತಿದ್ದೆ. ಯಾರಾದರೂ ಬೇಸತ್ತು ಏಳುವ ಮಾತಾಡಿದರೆ ಬಾಳವ್ವ, "ಅಕಿ ಒಂದ ವರ್ಷ ಕುಂತಳು, ನಮಗ ಇಪ್ಪತ್ತ ದಿನಾ ಆಗಿಲ್ಲ" ಎನ್ನುತ್ತಿದ್ದಳು. ನಾನು ಅಲ್ಲಿಯೇ ಕೂತು ಚಹಾ ಕುಡಿಯುತ್ತಿದ್ದೆ.

ರೇಣುಕಾ ರಜೆ ಸಿಕ್ಕಾಗಲೆಲ್ಲ ಬರುತ್ತಿದ್ದಳು. ಬೆಳಗಾವಿಯ ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಕೆಲಸ. ಸರಕಾರಿ ನರ್ಸ್ ಹುದ್ದೆಗೆ ಪರೀಕ್ಷೆ ಬರೆದು ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು, ಆರ್ಡರು ಬರುವುದೊಂದು ಬಾಕಿ. ಮೆತ್ತಗಿನ ಹುಡುಗಿ. ನನ್ನ ಜೊತೆ ಮಾತಾಡುವಾಗ ಯಾಕೋ ಕಣ್ಣು ತಪ್ಪಿಸುತ್ತಿದ್ದಳು. ಓದಿದವರ ಮುಂದೆ ಸಂಕೋಚ ಎಂದುಕೊಂಡಿದ್ದೆ.

ಮರ ಕಡಿದ ದಿನ ನಾನು ಅಲ್ಲಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುತ್ತ ಬೆಳಗಾವಿಯಲ್ಲಿ ಕೂತಿದ್ದೆ. ಪರಶುವಿನ ಫೋನು ಬಂದಾಗ ಹತ್ತು ಗಂಟೆ. "ಮೇಡಂ, ಮಷಿನ್ ಬಂದಾವ. ಪೊಲೀಸರು ಭಾಳ ಮಂದಿ ಬಂದಾರ." ಮೇಲಿನವರಿಗೆ ಹೇಳಿ ಬಿಡಿಸಿಕೊಂಡು, ಬಸ್ಸು ಹಿಡಿದು, ಖಾನಾಪುರದಲ್ಲಿ ಇಳಿದು, ಟೆಂಪೋ ಮಾಡಿಕೊಂಡು ನಾನು ಆ ತಿರುವಿಗೆ ಮುಟ್ಟಿದಾಗ ಮೂರು ದಾಟಿತ್ತು. ಎಲ್ಲ ಮುಗಿದಿತ್ತು.

ಮೊದಲು ಬಂದದ್ದು ಆ ವಾಸನೆ. ಆಮೇಲೆ ಬೆಳಕು. ಯಾವತ್ತೂ ನೆರಳಿರುತ್ತಿದ್ದ ಜಾಗದಲ್ಲಿ ಅಷ್ಟೊಂದು ಬೆಳಕು ಕಂಡು ನಾನು ತಪ್ಪು ಊರಿಗೆ ಬಂದೆನೇನೋ ಅನ್ನಿಸಿತು. ಹಲಸು ಅಡ್ಡ ಬಿದ್ದಿತ್ತು. ಬುಡದಿಂದ ಬಿಳಿ ಸೊನೆ ಇಳಿಯುತ್ತಿತ್ತು. ಎಳೆಯ ಕಾಯಿಗಳು ರಸ್ತೆ ತುಂಬ ಒಡೆದು ಬಿದ್ದಿದ್ದವು. ಎಮ್ಮೆಗಳು ಬಂದು ಅವುಗಳನ್ನು ತಿನ್ನುತ್ತಿದ್ದವು, ಹೊಡೆದು ಓಡಿಸುವವರು ಯಾರೂ ಇರಲಿಲ್ಲ. ಬಾಳವ್ವ ಕಂಬಳಿ ಮಡಿಚುತ್ತಿದ್ದಳು.

"ರೇಣುಕಾನ ಒಯ್ದಾರ್ರಿ" ಎಂದಳು. "ನಾನಽ ಅಂದ್ನಿ, ನೀ ಮುಂದ ನಿಲ್ಲು, ನಿನಗ ಮಾತಾಡಾಕ ಬರ್ತೈತಿ ಅಂತ. ಗಿಡಾ ತಬ್ಬಿ ನಿಂತಳು. ಬಿಡಸಾಕ ಇಬ್ಬರು ಬೇಕಾದ್ರು."

ಏಳು ಜನರನ್ನು ಒಯ್ದಿದ್ದರು. ಸಂಜೆಗೆ ಜಾಮೀನಾಯಿತು. ಸರಕಾರಿ ಕೆಲಸಕ್ಕೆ ಅಡ್ಡಿ ಮಾಡಿದ ಕೇಸು. ಠಾಣೆಯಿಂದ ಹೊರಗೆ ಬಂದ ರೇಣುಕಾಳ ಎರಡೂ ಮೊಳಕೈಯ ಒಳಭಾಗದಲ್ಲಿ ತೊಗಟೆ ತರಚಿದ ಗೀರುಗಳು. ಸೊನೆ ಹತ್ತಿದ ಕಡೆ ಚರ್ಮ ಕಪ್ಪಾಗಿತ್ತು. ಅದು ಕೊಬ್ಬರಿ ಎಣ್ಣೆಗೂ ಹೋಗಲಿಲ್ಲವಂತೆ, ಎರಡು ವಾರ ಹಾಗೆಯೇ ಡ್ಯೂಟಿಗೆ ಹೋದಳು.

ಆ ವರ್ಷ ಮಳೆ ಬಂದದ್ದೂ ತಡ, ಬಂದಾಗ ನಾಲ್ಕು ದಿನ ಒಂದೇ ಸಮನೆ ಸುರಿಯಿತು. ಕಡಿದ ದಿಬ್ಬದ ಕೆಂಪು ಮಣ್ಣು ಕುಸಿದು ಗದ್ದೆಗಳಿಗೆ ಇಳಿಯಿತು. ಝರಿಯ ಬಾಯಿಗೆ ರಸ್ತೆಗೆ ತಂದ ಖಡಿಕಲ್ಲು ಸುರಿದು ಮುಚ್ಚಿದ್ದರು. ಆ ನೀರು ನೆಲದೊಳಗೇ ದಾರಿ ಹುಡುಕಿಕೊಂಡು ಬಾಳವ್ವನ ಕೊಟ್ಟಿಗೆಯಲ್ಲಿ ಎದ್ದಿತು. ಶ್ರಾವಣದಲ್ಲಿ ನಾನು ಹೋದಾಗ ಎಮ್ಮೆಗಳು ಮೊಣಕಾಲಮಟ್ಟದ ಕೆಸರಿನಲ್ಲಿ ನಿಂತಿದ್ದವು. ತಾಯಿ ಮಗಳಿಬ್ಬರೂ ತಗಡಿನಿಂದ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದರು. ಚೆಲ್ಲಿದಷ್ಟೂ ಬರುತ್ತಿತ್ತು. ನಾನೂ ಸೆರಗು ಕಟ್ಟಿ ಒಂದು ತಗಡು ತೆಗೆದುಕೊಂಡೆ. ಮೂವರೂ ಒಂದು ತಾಸು ತೋಡಿದೆವು. ನೀರು ಇದ್ದಲ್ಲಿಯೇ ಇತ್ತು.

ರೇಣುಕಾಳ ಆರ್ಡರು ಬಂದಿರಲಿಲ್ಲ. ತುಂಬಿ ಕೊಡಬೇಕಾದ ಫಾರ್ಮಿನಲ್ಲಿ ನಿಮ್ಮ ಮೇಲೆ ಯಾವುದಾದರೂ ಕೇಸು ಇದೆಯೇ ಎಂದು ಕೇಳಿದ್ದರು. ಇವಳು ಹೌದು ಎಂದು ಬರೆದಿದ್ದಳು. ಕಡತ ಅಲ್ಲಿಗೇ ನಿಂತಿತು. ಪಟ್ಟಿಯಲ್ಲಿ ಅವಳ ಹಿಂದಿದ್ದವರು ಆಗಲೇ ಕೆಲಸಕ್ಕೆ ಸೇರಿಕೊಂಡಿದ್ದರು.

ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಾಗ ಬಾಳವ್ವ ಕೇಳಿದಳು: "ಬಾಯಾರ, ಆ ಚಿತ್ರದಾಗಿನ ಹೆಣಮಗಳಿಗೆ ಫೋನ್ ಹಚ್ಚಾಕ ಆಗ್ತೈತೇನ್ರಿ?"

"ಯಾಕವ್ವಾ?"

"ಮಷಿನ್ ಬಂದ ದಿನ ಅಕಿ ಏನ ಮಾಡಿದ್ಲು ಅಂತ ಕೇಳೂದೈತಿ. ನಾವೂ ಕುಂತ್ವಿ. ಒಲಿ ಹೂಡಿದ್ವಿ, ಮಗಳನ್ನ ಮುಂದ ನಿಲ್ಲಿಸಿದ್ವಿ. ಅವರದು ನಿಂತಿತು, ನಮ್ಮದು ನಿಲ್ಲಲಿಲ್ಲ. ನಾವು ಏನ ಕಡಿಮಿ ಮಾಡಿದ್ವಿ, ಅದೊಂದು ತಿಳೀಬೇಕ್ರಿ ನನಗ."

"ಕೇಳಿ ನೋಡ್ತೀನಿ" ಎಂದೆ. ಅದು ಎರಡನೆಯ ಸುಳ್ಳು.

ಬಸ್ಸಿನವರೆಗೆ ಬಿಡಲು ರೇಣುಕಾ ಕೊಡೆ ಹಿಡಿದು ಬಂದಳು. ಹಲಸು ಇದ್ದ ತಿರುವಿನಲ್ಲಿ ನಿಂತು, ಮೊದಲ ಬಾರಿ ನನ್ನ ಮುಖ ನೋಡಿ ಹೇಳಿದಳು: "ಮೇಡಂ, ಅವತ್ತ ನಾನೂ ಸಾಲ್ಯಾಗ ಇದ್ನಿ. ಹಿಂದ, ಕಿಟಕಿ ಬಾಜು. ನಮ್ಮ ಪುಸ್ತಕ ಎಲ್ಲಾ ಇಂಗ್ಲಿಷಿನ್ಯಾಗ ಇರ್ತಾವಲ್ರಿ. ಆ ಎರಡ ಸಾಲು ನಾನೂ ಓದಿದ್ನಿ."

ಮಳೆಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ನಿಂತೆ. ಆದರೆ ಕೇಳಿಸಿತ್ತು.

"ಮತ್ತ ಯಾಕ ಹೇಳಲಿಲ್ಲ ನೀ?"

"ಅವ್ವ ಎದ್ದು ನಿಂತಿದ್ಲಲ್ರಿ. ಅಪ್ಪ ಹೋದ ಮ್ಯಾಲ ಆಕಿ ಹಂಗ ಎದ್ದು ನಿಂತಿದ್ದು ನಾ ಕಂಡಿದ್ದಿಲ್ಲ. ನೀವು ನಿಂತಿತು ಅಂದ್ರಿ. ನಾನು ಸುಮ್ಮನಾದ್ನಿ."

"ಗೊತ್ತಿದ್ದೂ ಗಿಡಾ ತಬ್ಬಿ ನಿಂತಿ?"

"ಅವ್ವ ನಿಲ್ಲು ಅಂದ್ಲು" ಎಂದಳು. ಕೊಡೆಯನ್ನು ನನ್ನ ಕಡೆ ಸರಿಸಿ, "ಅಕಿಗೆ ಹೇಳಬ್ಯಾಡ್ರಿ. ಏನೋ ಒಂದು ಕಡಿಮಿ ಬಿತ್ತು ಅಂತ ತಿಳಕೊಂಡಾಳ. ಅಷ್ಟರ ಇರ್ಲಿ."

ಬಸ್ಸು ಬಂತು. ನಾನು ಹತ್ತಿಬಿಟ್ಟೆ.

ಅದಾದ ಮೇಲೆ ಬಾಳವ್ವ ಪರಶುವಿನ ಅಂಗಡಿಗೆ ಬಂದಾಗಲೆಲ್ಲ ಕೇಳುತ್ತಿದ್ದಳಂತೆ, ಬಾಯಾರು ಫೋನ್ ಹಚ್ಚಿದ್ರೇನು, ಅಕಿ ಏನಂದ್ಲು. ಅವನು ಪ್ರತಿ ಸಲ ನನಗೆ ತಿಳಿಸುತ್ತಿದ್ದ, ತನ್ನದೊಂದು ಮಾತೂ ಸೇರಿಸುತ್ತಿರಲಿಲ್ಲ. ಮೂರನೆಯ ಸಲ ಹೇಳಿದ ಮರುದಿನ ನಾನು ರಜೆ ಹಾಕಿ ಹೋದೆ. ದಸರೆ ಮುಗಿದಿತ್ತು. ಹೋಗಬೇಕಾದ ಮಳೆ ಹೋಗದೆ, ಕೊಯ್ಲಿಗೆ ಬಂದ ಭತ್ತ ಗದ್ದೆಗಳಲ್ಲಿ ಮಲಗಿತ್ತು.

ಬಾಳವ್ವ ಎಮ್ಮೆಯ ಕೆಳಗೆ ಕೂತು ಹಾಲು ಹಿಂಡುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ. ಆ ಊರು ಉಳಿಯಲಿಲ್ಲ ಎಂದೆ. ಗಣಿ ನಿಲ್ಲಲಿಲ್ಲ ಎಂದೆ. ನನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೇ ಸುಳ್ಳು ಹೇಳಿದೆ ಎಂದೆ. ರೇಣುಕಾಳ ಮಾತು ಎತ್ತಲಿಲ್ಲ.

ಅವಳ ಕೈ ನಿಲ್ಲಲಿಲ್ಲ. ಕೊನೆಯ ಹನಿಯವರೆಗೆ ಹಿಂಡಿದಳು. ಎದ್ದು, ಚರಿಗೆಯ ಮೇಲೆ ಬಟ್ಟೆ ಮುಚ್ಚಿ, ಒಳಗೆ ಇಟ್ಟು ಬಂದಳು.

"ಹಂಗಾರ ನಾವು ಏನೂ ಕಡಿಮಿ ಮಾಡಿದ್ದಿಲ್ಲ."

"ಇಲ್ಲವ್ವಾ."

"ಅಕಿದೂ ಹೋತು, ನಮ್ಮದೂ ಹೋತು." ಕಂಬಕ್ಕೆ ಕೈ ಕೊಟ್ಟು ನಿಂತಳು. ದನಿ ಏರಲಿಲ್ಲ. "ಖರೇ ಹೇಳಿದ್ರೂ ನಾ ಕುಂದರ್ತಿದ್ನಿ ಬಾಯಾರ. ಎದ್ದ ಹೋಗ್ತಿದ್ನಿ ಅಂತ ತಿಳೀಬ್ಯಾಡ್ರಿ. ಆದ್ರ ಮಗಳನ್ನ ಹಿಂದ ನಿಲ್ಲಸ್ತಿದ್ನಿ."

ಅವತ್ತು ಚಹಾ ಕೊಡಲಿಲ್ಲ. ನಾನೂ ಕೂರಲಿಲ್ಲ.

ಡಿಸೆಂಬರಿನಲ್ಲಿ ಕೇಸಿನ ತಾರೀಖು ಬಂತು. ಖಾನಾಪುರದ ಕೋರ್ಟಿನ ಆವರಣಕ್ಕೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ಏಳು ಜನರೂ ಮೆಟ್ಟಿಲ ಹತ್ತಿರ ನಿಂತಿದ್ದರು. ನಾನು ಸ್ವಲ್ಪ ದೂರದಲ್ಲಿ, ಗೋಡೆಯ ಪಕ್ಕ. ರೇಣುಕಾ ತಲೆಯಾಡಿಸಿದಳು. ಮಗಳ ಜೊತೆ ಬಂದಿದ್ದ ಬಾಳವ್ವ ನೋಡಿಯೂ ನೋಡದಂತೆ ಇದ್ದಳು. ವಕೀಲರು ಬಂದು ಚಾರ್ಜ್‌ಶೀಟಿನ ಪ್ರತಿ ಕೊಟ್ಟು ಏಳೂ ಜನರನ್ನು ಒಳಗೆ ಕರೆದುಕೊಂಡು ಹೋದರು. ಬಾಳವ್ವ ಕಾಗದಗಳನ್ನು ಕೈಯಲ್ಲಿ ಹಿಡಿದು ಒಬ್ಬಳೇ ಹೊರಗೆ ಉಳಿದಳು. ಸುತ್ತ ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಅವನ್ನು ಮುಂದೆ ಹಿಡಿದಳು.

"ಓದ್ರಿ. ಇದ್ದದ್ದು ಇದ್ದಂಗ."

ಓದಿದೆ. ಸದರಿ ದಿನ ಬೆಳಿಗ್ಗೆ ಆರೋಪಿತರೆಲ್ಲರೂ ಗುಂಪುಗೂಡಿ, ಸರಕಾರಿ ಕರ್ತವ್ಯದಲ್ಲಿದ್ದ ಸಿಬ್ಬಂದಿಗೆ ಅಡೆತಡೆ ಮಾಡುವ ಸಮಾನ ಉದ್ದೇಶದಿಂದ, ಎಂದು ಶುರುವಾಗಿತ್ತು. ಒಂದು ಶಬ್ದವನ್ನೂ ಬಿಡಲಿಲ್ಲ, ಮೆತ್ತಗೆ ಮಾಡಲಿಲ್ಲ. ತಿಳಿಯದ ಕಡೆ ಅವಳು ಕೈಯೆತ್ತಿ ನಿಲ್ಲಿಸುತ್ತಿದ್ದಳು, ನಾನು ಅರ್ಥ ಹೇಳುತ್ತಿದ್ದೆ, ಮತ್ತೆ ಓದುತ್ತಿದ್ದೆ. ಆರೋಪಿ ನಂಬರ್ ಮೂರು ಇವಳು ಮರವನ್ನು ಎರಡೂ ಕೈಗಳಿಂದ ಹಿಡಿದುಕೊಂಡು, ಎಂಬಲ್ಲಿ ಕೈಯೆತ್ತಿದಳು.

"ಇದು ಯಾರು?"

"ರೇಣುಕಾ."

ಸ್ವಲ್ಪ ಹೊತ್ತು ಆ ಕಾಗದವನ್ನೇ ನೋಡಿದಳು, ಅಕ್ಷರ ಬರುವವರ ಹಾಗೆ. ಒಳಗಿನಿಂದ ಯಾರದೋ ಹೆಸರು ಕೂಗುವುದು ಕೇಳಿಸಿತು, ಇವರದಲ್ಲ.

"ಮುಂದ ಓದ್ರಿ" ಎಂದಳು.

ಹಾಳೆ ತಿರುವಿದೆ. ಇನ್ನೂ ನಾಲ್ಕು ಪುಟಗಳಿದ್ದವು.